ನಲವತ್ತೊಂದು ಗೂಟ, ಒಂದು ಕೊಳ

ಮಾರ್ಚ್ ೪, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ಈ ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ನಲವತ್ತೊಂಬತ್ತು, ವಿದ್ಯಾಭ್ಯಾಸ ಇತಿಹಾಸದಲ್ಲಿ ಬಿ.ಎ., ವೃತ್ತಿ ಚರ್ಚಿನ ಗಂಟೆ, ಬೀಗ ಮತ್ತು ಪೊರಕೆ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ನಿನ್ನೆ ಹನ್ನೆರಡರ ಗಂಟೆ ಹೊಡೆದ ಮೇಲೆ, ಜನವೆಲ್ಲ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ, ಚರ್ಚಿನ ಹಿಂಭಾಗದಿಂದ ನಲವತ್ತೊಂದು ಮರದ ಗೂಟಗಳನ್ನು ಕಿತ್ತು ಕದ್ದಿದ್ದೇನೆ. ಮಾಲು ಗಂಟೆಗೋಪುರದಲ್ಲಿದೆ. ಪಶ್ಚಾತ್ತಾಪಕ್ಕಾಗಿ ಎದೆಯೊಳಗೆಲ್ಲ ತಡಕಾಡಿದೆ, ಸಿಗಲಿಲ್ಲ.

ನೀನು ಆಸ್ಪತ್ರೆಗೆಲ್ಲ ಸಿಸ್ಟರ್, ನನಗೊಬ್ಬನಿಗೆ ಅಕ್ಕ. ಆದ್ದರಿಂದ ರೋಗಿಯ ವಿವರ ಕೊಡುತ್ತೇನೆ. ರೋಗಿ ನಮ್ಮ ಕೊಳ. ನಾನು ಆರು ವರ್ಷದವನಿದ್ದಾಗ ಗೊದಮೊಟ್ಟೆ ತೋರಿಸುತ್ತೇನೆಂದು ಕರೆದೊಯ್ದು, ನನ್ನನ್ನು ಒಳಕ್ಕೆ ತಳ್ಳಿ, ಆಮೇಲೆ ನೀನೇ ಎಳೆದುಹಾಕಿ ಅಪ್ಪನಿಂದ ಶಹಬ್ಬಾಸ್‌ಗಿರಿ ಗಿಟ್ಟಿಸಿದೆಯಲ್ಲ, ಅದೇ ಕೊಳ. ಅದನ್ನು ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ. ಅದಕ್ಕೆ ಗುರುತು ಹಾಕಿದ ಗೂಟಗಳು ಅವು.

ಯೋಜನೆ ಇಸ್ತ್ರಿ ಹಿರಿಯರದು. ಕೊಳದ ಗೋಡೆಯಾಚೆ ಲಾಂಡ್ರಿ ನಡೆಸುತ್ತಾರೆ, ಗೋಡೆಯೀಚೆ ನಮ್ಮ ಚರ್ಚಿನ ಸಭೆಯ ಹಿರಿಯರಾಗಿದ್ದಾರೆ. ಅಂಗಿಯಲ್ಲಿ ಒಂದು ಸುಕ್ಕಿಲ್ಲ, ಮಾತಿನಲ್ಲಿ ಒಂದು ಮಡಿಕೆಯಿಲ್ಲ: ಕೊಳ ಸತ್ತಿದೆ, ಸೊಳ್ಳೆ ಹುಟ್ಟುತ್ತಿದೆ, ಮುಚ್ಚಿಬಿಡೋಣ.

ಸತ್ತಿರುವುದು ನಿಜ ಅಕ್ಕ, ಅರ್ಧ. ನವೆಂಬರಿನ ತನಕ ಅಲ್ಲಿನ ಕಪ್ಪೆಗಳು ನಮ್ಮ ಗಾಯಕವೃಂದಕ್ಕಿಂತ ಶ್ರುತಿಯಾಗಿ ಹಾಡುತ್ತಿದ್ದವು. ಡಿಸೆಂಬರಿನಿಂದ ಆಗಾಗ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿವೆ. ಗೋಡೆಯಡಿಯಿಂದ ನೊರೆ ಹರಿದು ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ಊರಿನ ಕೊಳೆ ತೊಳೆದು ಕೊಳಕ್ಕೆ ಬಿಡುವವರು ಯಾರು? ಕೊಂದವರೇ ಈಗ ಹೂಳುವುದಕ್ಕೂ ಅಳತೆ ತೆಗೆಸಿದ್ದಾರೆ.

ಇಡೀ ಸಭೆಯಲ್ಲಿ ಆ ಕೊಳಕ್ಕೆ ಏನಾದರೂ ಕೊಟ್ಟವನೆಂದರೆ ನಾನೊಬ್ಬ. ನವೆಂಬರಿನ ಕೊನೆಗೆ ದೀಕ್ಷಾಸ್ನಾನಕ್ಕೆ ಹೊಸ ತೊಟ್ಟಿ ಕಟ್ಟಿದರು. ಎದೆಮಟ್ಟ ನಿಲ್ಲುವಷ್ಟು ನೀರು ಹಿಡಿಯುತ್ತದೆ. ಹಳೆಯ ತೊಟ್ಟಿಯ ನೀರಿನಂತೆ ಇದೂ ಚರಂಡಿಪಾಲಾಗಬಾರದೆಂದು ತೊಟ್ಟಿಯಿಂದ ಕೊಳಕ್ಕೆ ಪೈಪು ಹಾಕಿಸಿದ್ದು ನಾನು. ಪಾಸ್ಟರು ಪ್ರಸಂಗದ ಮಧ್ಯೆಯೇ ಹೊಗಳಿದರು. ಸೃಷ್ಟಿಯನ್ನು ನೋಡಿಕೊಳ್ಳುವುದೆಂದರೆ ಹೀಗೆ ಅಂದರು. ಜನ ಚಪ್ಪಾಳೆ ತಟ್ಟಿದರು. ಮನುಷ್ಯರ ಪಾಪ ತೊಳೆದು ಮಿಕ್ಕ ನೀರು ಕಪ್ಪೆಗಳಿಗೂ ಸ್ವಲ್ಪ ಸಿಗಲಿ, ಏನಂತೆ?

ಮೇ ಹನ್ನೊಂದಕ್ಕೆ ಇಡೀ ಸಭೆ ಮತ ಹಾಕುತ್ತದೆ. ಅಲ್ಲಿಯವರೆಗೆ ನಾನು ಇಲ್ಲೇ ಗೂಟ ಹೊಡೆದುಕೊಂಡು ಕೂರುವವನು. ನಲವತ್ತೊಂದಿವೆ, ಕೊರತೆಯೇನಿಲ್ಲ.

ನಿನ್ನ ತಮ್ಮ

&nbsp;

ಮಾರ್ಚ್ ೧೪, ಶುಕ್ರವಾರ

ಘನಂದಾರಿ ತಮ್ಮನಿಗೆ,

ನಿನ್ನ ತಪ್ಪೊಪ್ಪಿಗೆ ಓದಿದೆ. ತಪ್ಪು ಕಂಡಿತು, ಒಪ್ಪಿಗೆಯೂ ಕಂಡಿತು, ಬುದ್ಧಿ ಮಾತ್ರ ಎಲ್ಲೂ ಕಾಣಲಿಲ್ಲ. ಮೊದಲು ಒಂದು ವಿಷಯ: ನಾನು ತಳ್ಳಲಿಲ್ಲ, ನೀನೇ ಜಾರಿದ್ದು. ನಲವತ್ತಮೂರು ವರ್ಷದಿಂದ ಹೇಳುತ್ತಿದ್ದೇನೆ.

ಆ ಕೊಳ ಹೋಗಬಾರದು. ಅದರಲ್ಲಿ ನನ್ನದೂ ಒಂದು ಚಪ್ಪಲಿ ಇದೆ. ಆದರೆ ರೋಗಿ ಅಂದೆಯಲ್ಲ, ಚಾರ್ಟ್ ಎಲ್ಲಿ? "ಆಗಾಗ" ಅನ್ನುವುದು ಯಾವ ಕಾಯಿಲೆಯ ಲಕ್ಷಣವೂ ಅಲ್ಲ. ಜ್ವರ ಯಾವತ್ತು ಬಂತು, ಯಾವತ್ತು ಬಿಟ್ಟಿತು ಅಂತ ಬರೆಯದವರನ್ನು ನಾನು ವಾರ್ಡಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ನೊರೆ ಕಂಡ ದಿನಗಳು ಒಂದು ಸಾಲು, ಮೀನು ಸತ್ತ ದಿನಗಳು ಇನ್ನೊಂದು ಸಾಲು. ಬರೆದು ಕಳಿಸು. ಆಮೇಲೆ ಇಸ್ತ್ರಿ ಹಿರಿಯರ ಮೇಲೆ ಹರಿಹಾಯುವೆಯಂತೆ.

ನಾನು ಚೆನ್ನಾಗಿದ್ದೇನೆ. ಬೆಳಗಿನ ಪಾಳಿ ಮುಗಿಸಿ, ಕಿಟಕಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ. ಮಕ್ಕಳ ವಾರ್ಡಿನ ಕಿಟಕಿಗಳನ್ನೂ ಮುಚ್ಚಿಸಿ ಬಂದೆ. ಸ್ವಲ್ಪ ಕೆಮ್ಮು. ಬೇರೆ ವಿಶೇಷವಿಲ್ಲ.

ಅಕ್ಕ

&nbsp;

ಮಾರ್ಚ್ ೨೨, ಶನಿವಾರ

ಪ್ರೀತಿಯ ಅಕ್ಕ,

ಅಲ್ಲಿ ಅಷ್ಟು ಚಳಿಯೇ? ಕಿಟಕಿ ಮುಚ್ಚಿದ್ದು ಒಳ್ಳೆಯದಾಯಿತು. ಶಾಲು ಹೊದ್ದುಕೋ.

ಗಂಟೆ ಹೊಡೆಯುವ ಪುಸ್ತಕದಲ್ಲಿ ಎಲ್ಲವನ್ನೂ ಗುರುತು ಹಾಕಿದ್ದೇನೆ, ನಿನ್ನ ತಮ್ಮನಲ್ಲವೇ? ನೊರೆ: ಡಿಸೆಂಬರಿನಿಂದ ಈಚೆಗೆ ಪ್ರತಿ ಸೋಮವಾರ, ಒಟ್ಟು ಹದಿನಾರು. ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದಿನ ಅದು. ಮೀನು: ಡಿಸೆಂಬರ್ ೨, ಜನವರಿ ೬, ಫೆಬ್ರವರಿ ೩, ಮಾರ್ಚ್ ೩. ಎಲ್ಲವೂ ಸೋಮವಾರ. ಇದಕ್ಕಿಂತ ಸಾಕ್ಷಿ ಬೇಕೇ?

ಮೊನ್ನೆ ಕಮಿಟಿಯವರು ನನ್ನನ್ನು ಕರೆಸಿದರು. ಗೂಟದ ಬಗ್ಗೆ ಯಾರೂ ನೇರವಾಗಿ ಕೇಳಲಿಲ್ಲ. ಎಲ್ಲರೂ ನನ್ನ ಕೈಯನ್ನು ನೋಡುತ್ತಿದ್ದರು. ಇಸ್ತ್ರಿ ಹಿರಿಯರು ಶಾಸ್ತ್ರ ತೆಗೆದರು. ಭೂಮಿಯ ಮೇಲೆ ದೇವರು ಮನುಷ್ಯನಿಗೆ ಅಧಿಕಾರ ಕೊಟ್ಟಿದ್ದಾನೆ, ನೀರಿನ ಮೇಲೂ ಮೀನಿನ ಮೇಲೂ. ಸಭೆಯ ಜಾಗದಲ್ಲಿ ಸಭೆಗೆ ಬೇಕಾದ್ದು ಮಾಡಿದರೆ ನಿನಗೇನು ಕಷ್ಟ ಅಂದರು.

ನನಗೆ ರೇಗಿತು. ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ ಅವರ ಮುಂದೆ ಮೇಜಿನ ಮೇಲೆ ಇಟ್ಟೆ. "ಇಪ್ಪತ್ತೆರಡು ವರ್ಷದಿಂದ ಈ ಚರ್ಚಿನ ಎಲ್ಲ ಬೀಗದ ಕೈ ನನ್ನ ಹತ್ತಿರ ಇದೆ ಹಿರಿಯರೇ. ಹಾಗಂತ ನಾನು ಬೆಂಚು ಕಿತ್ತು ಮಾರಿದ್ದೀನಾ? ಅಧಿಕಾರ ಅಂದ್ರೆ ಇಷ್ಟೇ. ಮಾಲೀಕ ಬಂದು ಕೇಳಿದಾಗ ಎಲ್ಲ ಇದ್ದ ಹಾಗೇ ಇರಬೇಕು."

ಪಾಸ್ಟರು ಕೆಮ್ಮಿದರು. ಮೊದಲ ಮನುಷ್ಯನಿಗೆ ಸಿಕ್ಕ ಮೊದಲ ಕೆಲಸವೇ ತೋಟ ಕಾಯುವುದು ಅಂತ ಸಣ್ಣ ದನಿಯಲ್ಲಿ ಹೇಳಿ, ಹಿರಿಯರ ಮುಖ ನೋಡಿ, ಚಹಾ ತರಿಸಲೇ ಅಂದರು. ಉಳಿದವರು ಮೀನ ಮೇಷ ಎಣಿಸುತ್ತಾ ಕೂತರು. ನಾನು ಬರೀ ಮೀನ ಎಣಿಸುವವನು.

ಕೆಲಸದಿಂದ ತೆಗೆಯುವ ಮಾತೂ ಬಂತು. ತೆಗೆಯಲಿ. ಗೋಪುರದ ಮೂರನೇ ಮೆಟ್ಟಿಲು ಎಲ್ಲಿ ಮುರಿದಿದೆಯೆಂದು ಗೊತ್ತಿರುವವನು ನಾನೊಬ್ಬನೇ.

ನಿನ್ನ ತಮ್ಮ

&nbsp;

ಏಪ್ರಿಲ್ ೧, ಮಂಗಳವಾರ

ತಮ್ಮಾ,

ಬೀಗದ ಕೈ ಮಾತು ಚೆನ್ನಾಗಿತ್ತು. ಇಲ್ಲಿಯ ನರ್ಸುಗಳಿಗೆಲ್ಲ ಓದಿ ಹೇಳಿದೆ.

ಆದರೆ ನಿನ್ನ ಚಾರ್ಟ್ ನೀನೇ ಓದಿಲ್ಲ. ನೊರೆ ಹದಿನಾರು ಸೋಮವಾರ ಬಂದಿದೆ. ಅದರಲ್ಲಿ ಹನ್ನೆರಡು ದಿನ ಮೀನಿಗೆ ಏನೂ ಆಗಿಲ್ಲ. ಸತ್ತಿರುವುದು ತಿಂಗಳ ಮೊದಲ ಸೋಮವಾರ ಮಾತ್ರ.

ಒಂದೇ ಪ್ರಶ್ನೆ. ಪ್ರತಿ ತಿಂಗಳ ಮೊದಲ ಭಾನುವಾರ ನೀನು ಏನೇನು ಮಾಡುತ್ತೀಯ?

ಶೀತವಲ್ಲ. ಶಾಲು ಬೇಡ.

ಅಕ್ಕ

&nbsp;

ಏಪ್ರಿಲ್ ೯, ಬುಧವಾರ

ಅಕ್ಕ,

ನಿನ್ನ ಪ್ರಶ್ನೆಯಿಂದ ನನಗೆ ನೋವಾಯಿತು. ಕೊಳ ಕಾಯುತ್ತಾ ತಮ್ಮ ಆರಾಧನೆಗೆ ಚಕ್ಕರ್ ಹೊಡೆಯುತ್ತಾನೋ ಏನೋ ಅಂತ ತಾನೇ ನಿನ್ನ ಅನುಮಾನ? ಅಪ್ಪನೂ ಹೀಗೇ ಸುತ್ತಿ ಬಳಸಿ ಕೇಳುತ್ತಿದ್ದರು. ಕೇಳು ಹಾಗಾದರೆ.

ಮೊದಲ ಭಾನುವಾರ ದೀಕ್ಷಾಸ್ನಾನ. ಶನಿವಾರವೇ ತೊಟ್ಟಿ ತುಂಬಿಸಿ, ಹಾಲಿನ ಪುಡಿಯ ಡಬ್ಬದಲ್ಲಿ ಎರಡು ಡಬ್ಬ ಬ್ಲೀಚಿಂಗ್ ಪೌಡರ್ ಕಲಸುತ್ತೇನೆ. ಬೆಳಗ್ಗೆ ಗಂಟೆ, ಬೆಂಚು, ಹಾಡಿನ ನಂಬರ್ ಬೋರ್ಡು. ನನ್ನ ತೊಟ್ಟಿಯ ನೀರು ಎಂಥದೆಂದರೆ ತಳದ ಟೈಲ್ಸಿನ ಗೆರೆ ಎಣಿಸಬಹುದು. ದೀಕ್ಷೆ ಪಡೆದು ಮೇಲೆದ್ದವರ ಕಣ್ಣೆಲ್ಲ ಕೆಂಪಗಾಗಿ ನೀರು ಸುರಿಯುತ್ತಿರುತ್ತದೆ. ಇಷ್ಟು ಗಾಢವಾದ ಪಶ್ಚಾತ್ತಾಪ ಬೇರೆ ಯಾವ ಸಭೆಯಲ್ಲೂ ಕಂಡಿಲ್ಲವೆಂದು ಪಾಸ್ಟರೇ ಹೇಳಿದ್ದಾರೆ. ಮಧ್ಯಾಹ್ನ ಬಿರಡೆ ತೆಗೆದು ನೀರನ್ನು ಕೊಳಕ್ಕೆ ಬಿಡುತ್ತೇನೆ. ಆರಾಧನೆ ತಪ್ಪಿಸಿಕೊಂಡಿಲ್ಲ. ಸಾಕಾ?

ಮೀನು ಮೊದಲ ಸೋಮವಾರವೇ ಸಾಯುವುದು ಯಾಕೆಂದರೆ, ಅವತ್ತು ಹೋಟೆಲಿನ ದಪ್ಪ ಪರದೆಗಳ ಸರದಿ. ದಪ್ಪ ಪರದೆಗೆ ದಪ್ಪ ಸೋಪು. ಸರಳ ಸಂಗತಿ.

ಈಗ ಮುಖ್ಯ ವಿಷಯ. ಮೊನ್ನೆ ಏಳಕ್ಕೆ ಮತ್ತೆ ಮೀನು ಸತ್ತವು, ಅರವತ್ತಮೂರು. ಬಕೆಟ್ಟಿನಲ್ಲಿ ತುಂಬಿಕೊಂಡು ನೇರ ಲಾಂಡ್ರಿಗೆ ನಡೆದೆ. ಒಳಗೆ ಹಬೆ, ನಂಬರು ಚೀಟಿ ಹಚ್ಚಿದ ಮೂಟೆಗಳು, ಮಡಿಚಿಟ್ಟ ಬಿಳಿಯ ಬಟ್ಟೆಯ ಗೋಪುರಗಳು. ಕೌಂಟರಿನ ಮೇಲೆ ಬಕೆಟ್ ಇಟ್ಟು, ಇವನ್ನೂ ಒಗೆದುಕೊಡಿ ಅಂದೆ.

ಹಿರಿಯರು ಮೂಗು ಮುಚ್ಚಿಕೊಳ್ಳಲಿಲ್ಲ. ಒಂದು ಮೀನನ್ನು ಬಾಲ ಹಿಡಿದು ಎತ್ತಿ ನೋಡಿ ಕೇಳಿದರು: "ನನ್ನ ನೀರು ಅಂತ ನಿನಗೆ ಖಾತ್ರಿನಾ?"

"ನನ್ನ ಕೈ ಎಷ್ಟು ಶುದ್ಧವೋ ಅಷ್ಟು ಖಾತ್ರಿ."

"ಹಾಗಾದ್ರೆ ಕೇಳು. ಮೇ ಮೂರರಿಂದ ಆರರ ತನಕ ಬಾಯ್ಲರ್ ಆರಿಸಿ ಬೀಗ ಹಾಕ್ತೀನಿ. ಒಂದು ಹನಿ ಆಚೆ ಬರಲ್ಲ. ಮೀನು ಬದುಕಿದ್ರೆ ಯೋಜನೆ ನಾನೇ ವಾಪಸ್ ತಗೋತೀನಿ. ಸತ್ರೆ, ನೀನು ಕದ್ದ ಗೂಟ ನೀನೇ ಹೊಡೀಬೇಕು, ಎಲ್ಲರ ಮುಂದೆ."

ಕದ್ದವನು ನಾನೆಂದು ಯಾರು ಹೇಳಿದರು ಅಂದೆ. ಈಚೆಗೆ ಗಂಟೆ ಹೊಡೆದಾಗಲೆಲ್ಲ ಗೋಪುರದಿಂದ ಸೌದೆ ಉರುಳಿದ ಸದ್ದೂ ಬರುತ್ತೆ ಕಣಯ್ಯಾ ಅಂದರು.

ಒಪ್ಪಿಕೊಂಡು ಬಂದೆ. ಗೆದ್ದಾಯಿತು ಅಂದುಕೋ.

ನಿನ್ನ ತಮ್ಮ

&nbsp;

ಏಪ್ರಿಲ್ ೨೪, ಗುರುವಾರ

ನನ್ನ ತಮ್ಮನಿಗೆ,

ಇದನ್ನು ಕೂತು ಓದು, ನಿಂತುಕೊಂಡಲ್ಲ.

ಕಿಟಕಿ ಯಾಕೆ ಮುಚ್ಚುತ್ತೇನೆಂದು ನಿನಗೆ ಹೇಳಿರಲಿಲ್ಲ. ಮಕ್ಕಳ ವಾರ್ಡಿನ ಹಿಂದೆ ಒಂದು ಗುಂಡಿಯಿದೆ. ಆಸ್ಪತ್ರೆಯ ಪ್ಲಾಸ್ಟಿಕ್ ಟ್ಯೂಬು, ಕೈಗವಸು, ಎಲ್ಲವನ್ನೂ ಅಲ್ಲೇ ಸುಡುತ್ತಾರೆ. ಹತ್ತೊಂಬತ್ತು ವರ್ಷದಿಂದ ನಾನು ಮಾಡಿದ್ದೆಂದರೆ ಕಿಟಕಿ ಮುಚ್ಚಿದ್ದು. ದಿನಾ ಬೆಳಗ್ಗೆ ಪ್ರಾರ್ಥನೆಯಲ್ಲಿ ಈ ಲೋಕ ದೇವರದು ಅಂತ ಹಾಡಿ, ಹತ್ತು ಗಂಟೆಗೆ ಕಿಟಕಿ ಮುಚ್ಚುವುದು.

ನಿನ್ನ ಬಕೆಟ್ಟಿನ ಪತ್ರ ಬಂದ ಮಾರನೆಯ ದಿನ ಗುಂಡಿಯ ಹತ್ತಿರ ಹೋಗಿ, ಸುಡುವವನ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡು ಏಪ್ರನ್ ಜೇಬಿಗೆ ಹಾಕಿಕೊಂಡೆ. ಇನ್ನೂ ಕೊಟ್ಟಿಲ್ಲ. ಅವನು ಹೊಸದು ತಂದ, ಅದನ್ನೂ ಕಿತ್ತುಕೊಂಡೆ. ಈಗ ನನ್ನ ಹತ್ತಿರ ಆರು ಇವೆ. ನಿನ್ನ ನಲವತ್ತೊಂದರ ಮುಂದೆ ಏನೂ ಅಲ್ಲ, ಆದರೆ ನನಗೆ ಇದು ಮೊದಲ ಕಳ್ಳತನ. ಸೂಪರಿಂಟೆಂಡೆಂಟ್ ವಿವರಣೆ ಕೇಳಿ ಕಾಗದ ಕೊಟ್ಟಿದ್ದಾರೆ.

ಇನ್ನು ನಿನ್ನ ವಿಷಯ. ಸುತ್ತಿ ಬಳಸಿ ಕೇಳಿದ್ದು ನನ್ನ ತಪ್ಪು. ಆರಾಧನೆಗೆ ಹೋಗುತ್ತೀಯೋ ಇಲ್ಲವೋ ಎಂದಲ್ಲ ನಾನು ಕೇಳಿದ್ದು. ಆ ಪುಡಿಯಲ್ಲಿ ಒಂದು ಚಿಟಿಕೆ ಬಕೆಟ್ ನೀರಿಗೆ ಹಾಕಿ ನಾವು ವಾರ್ಡಿನ ನೆಲ ಒರೆಸುತ್ತೇವೆ, ಕ್ರಿಮಿ ಸಾಯಲಿ ಅಂತ. ನೀನು ಎರಡು ಡಬ್ಬ ಕಲಸಿ ಕೊಳಕ್ಕೆ ಬಿಡುತ್ತಿದ್ದೀಯ. ಡಿಸೆಂಬರಿನಲ್ಲಿ ಶುರುವಾದದ್ದು ಲಾಂಡ್ರಿಯಲ್ಲ, ನಿನ್ನ ಪೈಪು. ಜನರ ಕಣ್ಣು ಕೆಂಪಾದದ್ದು ಪಶ್ಚಾತ್ತಾಪಕ್ಕಲ್ಲ.

ಮೇ ಮೂರಕ್ಕೆ ತೊಟ್ಟಿಗೆ ಏನೂ ಹಾಕಬೇಡ. ಪೈಪಿನ ಬಾಯಿಗೆ ಬಟ್ಟೆ ತುರುಕು. ಅವತ್ತು ಮೀನು ಉಳಿಯುತ್ತವೆ. ಆಮೇಲೆ ಹಿರಿಯರಿಗೆ ಹೇಗೆ ಹೇಳಬೇಕೆಂದು ಕೂತು ಯೋಚಿಸೋಣ.

ಅಕ್ಕ

&nbsp;

ಏಪ್ರಿಲ್ ೩೦, ಬುಧವಾರ

ಅಕ್ಕ,

ಎರಡೇ ಸಾಲು, ಬಹಳ ಕೆಲಸವಿದೆ. ಮೇ ನಾಲ್ಕನೇ ತಾರೀಕು ಏಳು ಜನರ ದೀಕ್ಷಾಸ್ನಾನ. ಅವತ್ತು ಇಡೀ ಸಭೆ ಹಿಂಭಾಗಕ್ಕೂ ಬಂದು ಕೊಳ ನೋಡಬೇಕೆಂದು ಪಾಸ್ಟರಿಗೆ ಹೇಳಿದ್ದೇನೆ. ಎಲ್ಲವೂ ಫಳಫಳ ಅನ್ನಬೇಕು. ಇಸ್ತ್ರಿ ಹಿರಿಯರು ನಾಚಿ ಅವರ ಅಂಗಿ ತಾನಾಗೇ ಸುಕ್ಕಾಗಬೇಕು.

ನಿನ್ನ ಎಲ್ಲ ಪ್ರಶ್ನೆಗಳಿಗೂ ಐದನೇ ತಾರೀಕು ಕೊಳವೇ ಉತ್ತರ ಕೊಡುತ್ತದೆ.

ತಮ್ಮ

&nbsp;

ಮೇ ೭, ಬುಧವಾರ

ತಮ್ಮಾ,

ನಿನ್ನ ಎರಡು ಸಾಲನ್ನು ನಾಲ್ಕು ಸಲ ಓದಿದೆ. ನನ್ನ ಇಪ್ಪತ್ತನಾಲ್ಕರ ಪತ್ರ ತಲುಪಿತೋ ಇಲ್ಲವೋ? ಏನಾಯಿತು, ಬರಿ.

ಸೂಪರಿಂಟೆಂಡೆಂಟ್ ಮುಂದೆ ನಿಂತು ಬಂದೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಸಿಸ್ಟರ್ ಅಂದರು. ನನ್ನ ತಮ್ಮ ಗಂಟೆ ಹೊಡೆಯುವವನು, ಹಿಡಿಯಷ್ಟಿಲ್ಲ, ಒಬ್ಬನೇ ಒಂದು ಕೊಳ ಕಾಯುತ್ತಾ ನಿಂತಿದ್ದಾನೆ, ನಾನು ಕಿಟಕಿ ಮುಚ್ಚಿಕೊಂಡು ಕೂರಲಾ ಅಂತ ಕೇಳಿದೆ. ಗುಂಡಿಯಲ್ಲಿ ಐದು ದಿನದಿಂದ ಹೊಗೆಯಿಲ್ಲ. ಕಿಟಕಿ ತೆಗೆದಿಟ್ಟು ಬರೆಯುತ್ತಿದ್ದೇನೆ.

ಅಕ್ಕ

&nbsp;

ಮೇ ೧೨, ಸೋಮವಾರ

ಪ್ರೀತಿಯ ಅಕ್ಕ,

ಕೊಳ ಉಳಿಯಿತು. ಈಗ ಕ್ರಮವಾಗಿ ಹೇಳುತ್ತೇನೆ.

ಐದನೇ ತಾರೀಕು ಬೆಳಗ್ಗೆ ಲಾಂಡ್ರಿಯ ಚಿಮಣಿಯಲ್ಲಿ ಹಬೆಯಿಲ್ಲ. ನೊರೆಯೂ ಇಲ್ಲ. ಮೀನು ಮಾತ್ರ ಇದ್ದವು, ಹೊಟ್ಟೆ ಮೇಲೆ ಮಾಡಿಕೊಂಡು, ಈ ದಡದಿಂದ ಆ ದಡದ ತನಕ. ನಾನು ಎಣಿಸಲಿಲ್ಲ. ಈ ಸಲ ಗೊದಮೊಟ್ಟೆಗಳೂ ಹೋಗಿದ್ದವು, ದಡದಲ್ಲಿ ಕಪ್ಪು ಬೇಳೆ ಚೆಲ್ಲಿದ ಹಾಗೆ. ಇಸ್ತ್ರಿ ಹಿರಿಯರು ನನ್ನ ಪಕ್ಕ ಬಂದು ನಿಂತರು. ಬಾಯ್ಲರ್ ಆರಿಸಿದ್ದರಿಂದ ಅವರ ಅಂಗಿಗೆ ಇಸ್ತ್ರಿಯಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸುಕ್ಕು ನೋಡಿದೆ. ಅವರು ನಗಲಿಲ್ಲ. ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು. ಭಾನುವಾರ ಗೂಟ ತಗೊಂಡು ಬಾ ಅಂದರು, ಅಷ್ಟೇ.

ನಿನ್ನೆ ಸಭೆ. ಮತಕ್ಕೆ ಮೊದಲು ನಾನು ಎದ್ದು ನಿಂತೆ. "ಕೊಂದವರು ಹಿರಿಯರಲ್ಲ. ಕೊಂದವನು ನಾನು," ಅಂದೆ. ಡಬ್ಬ ಎತ್ತಿ ತೋರಿಸಿದೆ. ಪೈಪಿನ ಕಥೆ, ಪುಡಿಯ ಕಥೆ, ಮೊದಲ ಭಾನುವಾರದ ಕಥೆ, ಎಲ್ಲ ಹೇಳಿದೆ. ದೀಕ್ಷೆ ಪಡೆದವರ ಸಾಲಿನಲ್ಲಿ ಒಂದಿಬ್ಬರು ಕಣ್ಣು ಮುಟ್ಟಿ ನೋಡಿಕೊಂಡರು. ಪಾಸ್ಟರು ನೆಲ ನೋಡಿದರು. ಹಿರಿಯರ ಹತ್ತಿರ ಎಲ್ಲರೆದುರು ಕ್ಷಮೆ ಕೇಳಿದೆ. ಆದರೆ ಕೂತುಕೊಳ್ಳಲಿಲ್ಲ.

"ಕಾವಲುಗಾರ ತಪ್ಪು ಮಾಡಿದ್ರೆ ಕಾವಲುಗಾರನ್ನ ತೆಗೀರಿ. ಕೊಳ ತೆಗೀಬೇಡಿ. ಅದು ಸತ್ತಿಲ್ಲ, ನಾನು ಸಾಯಿಸ್ತಾ ಇದ್ದೆ. ನಾನು ನಿಲ್ಲಿಸಿದ್ರೆ ಅದು ಬದುಕುತ್ತೆ. ಇನ್ನೂ ಮುಚ್ಚಲೇಬೇಕು ಅನ್ನೋರು, ಸೊಳ್ಳೆ ನೆಪ ಬಿಟ್ಟು, ನಮಗೆ ದೇವರ ನೀರಿಗಿಂತ ಕಾರು ಮುಖ್ಯ ಅಂತ ಈ ವೇದಿಕೆ ಹತ್ತಿ ಹೇಳಲಿ."

ಯಾರೂ ಹತ್ತಲಿಲ್ಲ. ಕೈ ಎತ್ತಿಸಿದಾಗ ಮುಚ್ಚಬಾರದು ಅನ್ನುವ ಕೈಗಳೇ ಹೆಚ್ಚಾಗಿದ್ದವು. ಇಸ್ತ್ರಿ ಹಿರಿಯರು ಯಾವ ಕಡೆಗೂ ಎತ್ತದೆ, ಗೂಟ ಎಲ್ಲಿ ಅಂತ ಮಾತ್ರ ಕೇಳಿದರು.

ಆಡಿದ ಮಾತಿಗೆ ತಪ್ಪಲಿಲ್ಲ. ಗೋಪುರದಿಂದ ಇಳಿಸಿ ನಲವತ್ತೊಂದನ್ನೂ ಎಲ್ಲರ ಮುಂದೆ ನಾನೇ ಹೊಡೆದೆ. ಆದರೆ ಎಲ್ಲಿ ಹೊಡೆಯಬೇಕೆಂದು ಪಂದ್ಯದಲ್ಲಿ ಮಾತಾಗಿರಲಿಲ್ಲವಲ್ಲ. ಕೊಳದ ಸುತ್ತ ಬೇಲಿಗೆ ಹೊಡೆದೆ. ಹಿರಿಯರು ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಹದಿಮೂರನೆಯದೋ ಹದಿನಾಲ್ಕನೆಯದೋ ಓರೆಯಾದಾಗ, ತಡಿಯಯ್ಯಾ, ನಿನಗೆ ಒಂದು ಗೂಟ ನೆಟ್ಟಗೆ ಹೊಡೆಯೋಕೆ ಬರಲ್ಲ ಅಂದು ತಾವೇ ಬಗ್ಗಿ ಹಿಡಿದುಕೊಂಡರು. ಅವರ ನೊರೆಯನ್ನೂ ನಾನು ಬಿಟ್ಟಿಲ್ಲ. ಅದು ಮೀನು ಕೊಲ್ಲದಿರಬಹುದು, ಕೊಳಕ್ಕೆ ಅದೇನು ಅಮೃತವೇ? ಬರುವ ತಿಂಗಳು ಆ ಬದಿಯ ಚರಂಡಿಗೆ ತಿರುಗಿಸುತ್ತೇನೆಂದು ಅವರ ಬಾಯಿಂದಲೇ ಹೇಳಿಸಿದ್ದೇನೆ. ನನ್ನ ಪೈಪನ್ನು ನಾನೇ ಗರಗಸದಿಂದ ಕತ್ತರಿಸಿದೆ. ಜೂನಿನ ದೀಕ್ಷಾಸ್ನಾನ ಪುಡಿಯಿಲ್ಲದ ನೀರಿನಲ್ಲಿ; ಇನ್ನು ಕಣ್ಣು ಕೆಂಪಾದರೆ ಅದು ಅವರವರ ಪಾಪಕ್ಕೆ. ನನ್ನ ಕೆಲಸದ ವಿಷಯ ಕಮಿಟಿ ಮುಂದಿನ ವಾರ ತೀರ್ಮಾನಿಸುತ್ತದೆ. ತೀರ್ಮಾನಿಸಲಿ, ಬೇಲಿಯಂತೂ ನಿಂತಿದೆ.

ಇಷ್ಟು ಸತ್ಯ ಹೇಗೆ ಕಂಡುಕೊಂಡೆಯೆಂದು ಜನ ಕೇಳಿದರು. ನಾನೇ ಚಾರ್ಟ್ ಹಾಕಿದೆ, ದಿನ ಎಣಿಸಿದೆ, ನನ್ನ ವಿರುದ್ಧವೇ ಸಾಕ್ಷಿ ಸಿಕ್ಕಿದರೂ ಹಿಂಜರಿಯಲಿಲ್ಲ ಅಂದೆ. ಚಪ್ಪಾಳೆ ಬಿತ್ತು ಅಕ್ಕ. ಪೈಪಿಗೆ ಬಿದ್ದದ್ದಕ್ಕಿಂತ ಜೋರಾಗಿ. ನಾನು ತಲೆ ಬಗ್ಗಿಸಿ ಸ್ವೀಕರಿಸಿದೆ.

ನಿನ್ನ ಇಪ್ಪತ್ತನಾಲ್ಕರ ಪತ್ರ ಇಪ್ಪತ್ತೆಂಟಕ್ಕೇ ತಲುಪಿತ್ತು. ಲಕೋಟೆ ದಪ್ಪಗಿತ್ತು. ಬುದ್ಧಿವಾದವೆಂದುಕೊಂಡು ಒಡೆಯದೆ ಗಂಟೆಯ ಪುಸ್ತಕದೊಳಗೆ ಇಟ್ಟೆ. ಗೆದ್ದ ಮೇಲೆ ಓದೋಣ, ಆಗ ಉತ್ತರಿಸಲು ಮಜಾ ಇರುತ್ತದೆ ಅಂತ. ಮೂರನೇ ತಾರೀಕು ಅದೇ ಪುಸ್ತಕವನ್ನು ಬದಿಗೆ ಸರಿಸಿ ಪುಡಿಯ ಡಬ್ಬ ಎತ್ತಿಕೊಂಡೆ. ಇಡೀ ಸಭೆ ನೋಡುತ್ತದಲ್ಲ, ಹೆಚ್ಚು ಹೊಳೆಯಲಿ ಎಂದು ಎರಡರ ಬದಲು ಮೂರು ಡಬ್ಬ ಕಲಸಿದೆ. ಲಕೋಟೆ ಒಡೆದದ್ದು ಆರನೇ ತಾರೀಕು, ಮೀನುಗಳನ್ನು ಹೂತು ಬಂದ ಮೇಲೆ.

ಸೂಪರಿಂಟೆಂಡೆಂಟ್ ಹತ್ತಿರ ನನ್ನ ಬಗ್ಗೆ ಹೇಳಿದ್ದನ್ನು ವಾಪಸು ತೆಗೆದುಕೋ. ಬೆಂಕಿಪೊಟ್ಟಣ ಮಾತ್ರ ಕೊಡಬೇಡ.

ಇನ್ನೊಂದು. ಆವತ್ತು ನೀನು ತಳ್ಳಲಿಲ್ಲ. ನಾನೇ ಜಾರಿದ್ದು.

ನಿನ್ನ ತಮ್ಮ